ಬೀದಿಯಲ್ಲಿ ಕಹಳೆಯೂದಿದ ಭಕ್ತರು: ಚಾರ್ಲ್ಸ್ ಫ್ರೈಯವರ ಚರಿತ್ರೆ

ಬಾಯಿಮಾತಿನಿಂದ ಸುವಾರ್ತೆಯನ್ನು ಸಾರಿದವರ ಚರಿತ್ರೆಗಳನ್ನು ನಮ್ಮ ಓದುಗರು ಬಹಳವಾಗಿ ಓದಿದ್ದಾರೆ. ಈ ಸಾರಿ ನಾವು ಹೇಳುವದು ಪಾದ್ರಿಯೂ ಅಲ್ಲದ ಉಪದೇಶಿಯೂ ಅಲ್ಲದ ಒಬ್ಬ ಗೃಹಸ್ಥರ ಸಂಗತಿ. ಮನೆ ಕಟ್ಟಿಸುವದು ಅವರ ಕಸಬು. ಅವರು ತಮ್ಮ ಮೂವರು ಗಂಡುಮಕ್ಕಳೊಡನೆ ಹಿತ್ತಾಳೆಯ ವಾದ್ಯಗಳನ್ನು ಹಿಡಿದು ಬೀದಿಗೆ ಬಂದರು. ಅವರ ಹೆಸರು ಚಾರ್ಲ್ಸ್ ವಿಲಿಯಂ ಫ್ರೈ. ರಕ್ಷಣಾ ಸೈನ್ಯವೆಂದು ಹೆಸರಾದ ಸಾಲ್ವೇಶನ್ ಆರ್ಮಿಯವರ ಬ್ಯಾಂಡನ್ನು ಅನೇಕ ದೇಶಗಳ ಜನರು ಕೇಳಿದ್ದಾರೆ. ಆ ಬ್ಯಾಂಡಿಗೆ ಮೂಲಪುರುಷರು ಇವರೇ.

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ವಿಲ್ಟ್‌ಶೈರ್ ಎಂಬ ಸೀಮೆಯುಂಟು. ಅದರಲ್ಲಿ ಸಾಲ್ಸ್‌ಬರಿ ಪಟ್ಟಣಕ್ಕೆ ಸಮೀಪವಾದ ಆಲ್ಡರ್‌ಬರಿ ಎಂಬ ಹಳ್ಳಿಯಲ್ಲಿ 1830ರ ದಶಕದ ಕೊನೆಯಲ್ಲಿ ಫ್ರೈಯವರು ಹುಟ್ಟಿದರು. ಹದಿನೇಳು ವರುಷದ ಪ್ರಾಯದಲ್ಲಿ ಆ ಹಳ್ಳಿಯ ವೆಸ್ಲಿಯನ್ ಗುಡಿಯಲ್ಲಿ ಒಂದು ಭಾನುವಾರ ಸಂಜೆ ನಡೆದ ಪ್ರಾರ್ಥನಾಕೂಟದಲ್ಲಿ ಅವರಿಗೆ ಮಾನಸಾಂತರವಾಯಿತು. ಮೈಸೂರು ಸೀಮೆಯಲ್ಲಿ ಸಭೆಗಳನ್ನೂ ಶಾಲೆಗಳನ್ನೂ ಸ್ಥಾಪಿಸಿದ ವೆಸ್ಲಿಯನ್ ಮಿಶನ್ ಯಾವ ಸಭೆಯಿಂದ ಬಂತೋ ಆ ಸಭೆಯಲ್ಲಿಯೇ ಇವರೂ ಬೆಳೆದವರು.

ಆ ಕಾಲದ ಇಂಗ್ಲಿಷ್ ಹಳ್ಳಿಗಳ ಒಂದು ಸಂಗತಿಯನ್ನು ಇಲ್ಲಿ ತಿಳಿಸಬೇಕು. ಹಿಂದೆ ಅಲ್ಲಿಯ ದೇವಾಲಯಗಳಲ್ಲಿ ಕಮ್ಮಾರ, ಬಡಗಿ, ರೈತ ಮುಂತಾದ ಊರವರೇ ಪಿಟೀಲು ಕೊಳಲುಗಳನ್ನು ಬಾರಿಸುತ್ತಾ ಹಾಡನ್ನು ನಡಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆರ್ಗನ್ ಮತ್ತು ಹಾರ್ಮೋನಿಯಂ ಬಂದವು, ಈ ಬಡ ವಾದ್ಯಗಾರರು ಅನೇಕ ಕಡೆ ಹೊರಗಾದರು. ನಾಲ್ಕು ತಲೆಮಾರುಗಳಿಂದ ದೇವರ ಮನೆಯಲ್ಲಿ ಬಾರಿಸುತ್ತಿದ್ದವರಿಗೆ ಒಂದು ಭಾನುವಾರ ಸ್ಥಳವಿಲ್ಲವೆಂದು ಹೇಳಿದರೆ ಅವರ ಮನಸ್ಸು ಹೇಗಾಗಿದ್ದೀತೆಂಬದನ್ನು ನಮ್ಮ ಹಳ್ಳಿಯ ಓದುಗರು ಊಹಿಸಿಕೊಳ್ಳಬಲ್ಲರು. ಆದರೆ ಆಲ್ಡರ್‌ಬರಿಯ ವೆಸ್ಲಿಯನ್ ಗುಡಿಯಲ್ಲಿ ವಾದ್ಯಮೇಳವೂ ಹಾಡುವವರ ಗುಂಪೂ ಉಳಿದಿದ್ದವು, ಅವೆರಡಕ್ಕೂ ಫ್ರೈಯವರೇ ನಾಯಕರಾದರು. ಕಾರ್ನೆಟ್, ಪಿಟೀಲು, ಸೆಲ್ಲೋ, ಪಿಯಾನೋ, ಹಾರ್ಮೋನಿಯಂ ಇವೆಲ್ಲವೂ ಅವರ ಕೈಗೆ ಬಂದಿದ್ದವು. ಮುಂದೆ ಸಾಲ್ಸ್‌ಬರಿಯಲ್ಲಿ ಮನೆ ಕಟ್ಟಿಸುವ ವ್ಯಾಪಾರ ನಡಿಸಿದರು. ಫ್ರೆಡ್, ಅರ್ನೆಸ್ಟ್, ಬರ್ಟ್ ಎಂಬ ಮೂವರು ಮಕ್ಕಳಿಗೂ ಹಿತ್ತಾಳೆಯ ವಾದ್ಯಗಳನ್ನು ಕಲಿಸಿದರು.

ಲಂಡನಿನ ಬಡಕೇರಿಗಳಲ್ಲಿ ವಿಲಿಯಂ ಬೂತ್ ಎಂಬವರು 1865ರಲ್ಲಿ ಪ್ರಾರಂಭಿಸಿದ್ದ ಮಿಶನಿಗೆ 1878ರಲ್ಲಿ ರಕ್ಷಣಾ ಸೈನ್ಯವೆಂಬ ಹೆಸರಾಯಿತು. ಅದೇ ವರುಷ ಅವರ ಸೇವಕರು ಸಾಲ್ಸ್‌ಬರಿಗೂ ಬಂದರು. 404 ಅಡಿ ಎತ್ತರದ ಗೋಪುರವುಳ್ಳ ಮಹಾ ದೇವಾಲಯ ಆ ಪಟ್ಟಣದಲ್ಲಿದೆ; ಸಾರಾಯಿ ಅಂಗಡಿಗಳೂ ಅಲ್ಲಿ ಕಡಿಮೆ ಇರಲಿಲ್ಲ. ಸೈನ್ಯದವರು ಸಂತೆಯ ಬೈಲಿನಲ್ಲಿ ನಿಂತು ಹಾಡಿ ಪ್ರಸಂಗಿಸಿದಾಗ ಪುಂಡರು ಕೂಗಿ ಎಬ್ಬಿಸಿ ಕೈಗೆ ಸಿಕ್ಕಿದ್ದನ್ನು ಎಸೆದರು. ಫ್ರೈಯವರು ಇದನ್ನು ನೋಡಿ ಸುಮ್ಮನಿರಲಾರದೆ, ತಾವೂ ಮೂವರು ಮಕ್ಕಳೂ ಅವರ ಸುತ್ತ ಕಾವಲಾಗಿ ನಿಲ್ಲುತ್ತೇವೆಂದು ಹೇಳಿದರು. ಅವರೆಲ್ಲರೂ ಗಟ್ಟಿಮುಟ್ಟಾದ ಮೈಯುಳ್ಳವರು. ಅಷ್ಟೇ ಆಗಿದ್ದರೆ ಈ ಚರಿತ್ರೆ ಬರೆಯಬೇಕಾದದ್ದಿರಲಿಲ್ಲ. ಮರುಸಾರಿ ಬರುವಾಗ ಹೇಗೂ ಇರಲಿ ಎಂದು ತಮ್ಮ ವಾದ್ಯಗಳನ್ನೂ ಹಿಡಿದುಕೊಂಡು ಬಂದರು. ಎರಡು ಕಾರ್ನೆಟ್, ಒಂದು ಟ್ರಾಂಬೋನ್, ಯೂಫೋನಿಯಂ ಎಂದೂ ಚಿಕ್ಕ ಟ್ಯೂಬಾ ಎಂದೂ ಕರೆಯಲ್ಪಟ್ಟ ಒಂದು ಮಂದ್ರಸ್ವರದ ವಾದ್ಯ, ಹೀಗೆ ನಾಲ್ಕು. ಕೂಗಾಟದ ನಡುವೆ ಹಾಡಿಗೆ ಅವರು ಊದಿದಾಗ ಕೂಗುವವರ ಗಂಟಲು ಸೋತಿತು, ದೂರದಲ್ಲಿದ್ದವರು ಹತ್ತಿರ ಬಂದು ಕೇಳಿದರು.

ಈ ವಾದ್ಯಗಳ ವಿಷಯವಾಗಿ ಕೊಂಚ ವಿಸ್ತಾರವಾಗಿ ಹೇಳುವೆವು, ಯಾಕಂದರೆ ಇವುಗಳನ್ನು ಹತ್ತಿರದಿಂದ ನೋಡದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಇವು ತುತ್ತೂರಿಯ ಜಾತಿಯವು. ಬಟ್ಟಲಿನಂತಿರುವ ಬಾಯಿಗೆ ತುಟಿಗಳನ್ನು ಒತ್ತಿ ಊದಿದರೆ ತುಟಿಗಳು ನಡುಗಿ ನಾದ ಹುಟ್ಟುವದು. ಬರಿಯ ತುತ್ತೂರಿಯಲ್ಲಿ ಕೆಲವೇ ಸ್ವರಗಳು ಬರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆರಳಿನಿಂದ ಒತ್ತುವ ಮೂರು ಗುಂಡಿಗಳನ್ನು ಅಳವಡಿಸಿದರು. ಒಂದೊಂದನ್ನು ಒತ್ತಿದಾಗ ಗಾಳಿ ಹೆಚ್ಚಿನ ಕೊಳವೆಯಲ್ಲಿ ಸುತ್ತಿ ಬಂದು ಸ್ವರವು ತಗ್ಗುತ್ತದೆ. ಹೀಗೆ ಎಲ್ಲಾ ಸ್ವರಗಳೂ ದೊರಕಿದವು. ಕಾರ್ನೆಟಿನ ಸುರುಳಿಯನ್ನು ಬಿಡಿಸಿದರೆ ಸುಮಾರು ನಾಲ್ಕೂವರೆ ಅಡಿ ಕೊಳವೆ. ಯೂಫೋನಿಯಂ ಅದಕ್ಕೆ ಇಮ್ಮಡಿ, ಸುಮಾರು ಒಂಭತ್ತು ಅಡಿ. ಆದದರಿಂದ ಅದು ಸರಿಯಾಗಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಯೂಫೋನಿಯಂ ಎಂಬದು ಗ್ರೀಕ್ ಮಾತಿನಿಂದ ಬಂದದ್ದು, ಇನಿದನಿಯುಳ್ಳದ್ದೆಂದು ಅದರ ಅರ್ಥ. ದೊಡ್ಡ ಕೊಳವೆಯಾದರೂ ಅದರ ನಾದ ಒರಟಲ್ಲ, ವಯಸ್ಸಾದ ಗಂಡಸು ಸಮಾಧಾನದಿಂದ ಹಾಡಿದ ಹಾಗಿರುತ್ತದೆ.

ಇಂಗ್ಲಿಷ್ ಬ್ಯಾಂಡಿನವರು ಬಹು ಜಾಣತನದ ಒಂದು ಏರ್ಪಾಟು ಮಾಡಿಕೊಂಡಿದ್ದರು. ಅದೇನಂದರೆ ಕಾರ್ನೆಟಿಗೂ ಯೂಫೋನಿಯಮಿಗೂ ಬರಹ ಒಂದೇ ತರ, ಬೆರಳು ಇಡುವ ಕ್ರಮವೂ ಒಂದೇ. ಒಂದನ್ನು ಕಲಿತ ಗಣಿ ಕೂಲಿಯವನು ಇನ್ನೊಂದನ್ನೂ ಬೇಗ ಹಿಡಿಯಬಲ್ಲನು. ಈ ಎರಡೂ ಜೋಡಿಯಾಗಿ ನುಡಿದಾಗ ಕಾರ್ನೆಟ್ ಮೇಲೆ ರಾಗವನ್ನು ನಡಿಸುವದು, ಯೂಫೋನಿಯಂ ಕೆಳಗಿನಿಂದ ಅದಕ್ಕೆ ಉತ್ತರ ಕೊಡುತ್ತಾ ಒಮ್ಮೆ ಹಿಂದೆ ನಿಲ್ಲುವದು, ಒಮ್ಮೆ ತಾನೇ ರಾಗವನ್ನು ತೆಗೆದುಕೊಳ್ಳುವದು. ಕ್ರೈಸ್ತ ಗೀತೆಗಳಿಗೆ ನಾಲ್ಕು ಧ್ವನಿಗಳುಂಟಷ್ಟೇ. ಎರಡು ಕಾರ್ನೆಟುಗಳಿಗೆ ಮೇಲಿನ ಎರಡು, ಟ್ರಾಂಬೋನಿಗೆ ಮೂರನೆಯದು, ಮಂದ್ರವಾದ್ಯಕ್ಕೆ ಕೊನೆಯದು ಎಂದು ಹಂಚಿದರೆ ತಂದೆಮಕ್ಕಳು ನಾಲ್ವರೇ ಇಡೀ ಗೀತೆಯನ್ನು ತುಂಬಿಸಬಹುದು. ಇನ್ನೊಬ್ಬರನ್ನು ಬೇಡಬೇಕಾಗಿರಲಿಲ್ಲ. ಆರ್ಗನನ್ನು ಸಂತೆಗೆ ಹೊತ್ತು ತರಲಾಗದು, ಪಿಟೀಲಿನ ದನಿ ಗದ್ದಲದಲ್ಲಿ ಮುಳುಗುವದು. ಹಿತ್ತಾಳೆಯ ದನಿಯಾದರೋ ಮಳೆಗೂ ಗಾಳಿಗೂ ಗದ್ದಲಕ್ಕೂ ಜಗ್ಗುವದಿಲ್ಲ.

ಬೂತರು ಇದನ್ನು ಕೇಳಿ ತಟ್ಟನೆ ಒಪ್ಪಿದರೆಂದು ಓದುಗರು ಎಣಿಸಬಾರದು. ಸಂಗೀತದ ಗುಂಪುಗಳೆಂದರೆ ಅವರಿಗೆ ಅಂಜಿಕೆಯಿತ್ತು. ಹಾಡುವವರ ಗುಂಪು ಕಟ್ಟಿದಲ್ಲಿ ಜಗಳವೂ ಉಡುಪಿನ ಮೆರೆತವೂ ಹುಡುಗಹುಡುಗಿಯರ ಸರಸವೂ ಒಳಗೆ ಬಂದು, ಆಮೇಲೆ ಹೊರಡಿಸಿದರೂ ಹೊರಡುವದಿಲ್ಲವೆಂಬ ಅಭಿಪ್ರಾಯವನ್ನು ಅವರು 1877ರಲ್ಲಿಯೇ ಹೇಳಿದ್ದರು. (ಅವರ ಅಂಜಿಕೆ ತೀರ ಸುಳ್ಳೆಂದು ನಾವು ಹೇಳಲಾರೆವು. ಕ್ರಿಸ್ಮಸ್ ಹಾಡಿನ ಅಭ್ಯಾಸಕ್ಕೆ ಯಾರು ಮುಂದೆ ನಿಲ್ಲಬೇಕೆಂಬ ವ್ಯಾಜ್ಯವನ್ನು ಕಾಣದ ಸಭೆ ಅಪರೂಪ.) ಆದರೆ ಫ್ರೈ ಕುಟುಂಬದವರ ಊದುವಿಕೆಯಿಂದ ಜನರು ಕೂಡುವದನ್ನು ಕಂಡ ಮೇಲೆ ಅವರ ಮನಸ್ಸು ತಿರುಗಿತು. ಉತ್ತರದ ಕಬ್ಬಿಣದ ಕಾರ್ಖಾನೆಗಳ ಊರಾದ ಕಾನ್ಸೆಟ್ಟಿನಲ್ಲಿ 1879ರ ಕೊನೆಗೆ ಸೈನ್ಯದವರ ಒಂದು ಬ್ಯಾಂಡು ಎದ್ದಿತು. 1880ರ ಮಾರ್ಚಿಯಲ್ಲಿ ಬೂತರು ತಮ್ಮ ಪತ್ರಿಕೆಯಲ್ಲಿ ಅಪ್ಪಣೆ ಪ್ರಕಟಿಸಿ, ಶಕ್ತರಾದ ಗಂಡಸರೂ ಹೆಂಗಸರೂ ಯಾವದಾದರೊಂದು ವಾದ್ಯವನ್ನು ಕಲಿಯಬೇಕೆಂದು ಹೇಳಿದರು.

ಅದೇ ವರುಷ ಅವರು ಫ್ರೈ ಕುಟುಂಬವನ್ನು ಪೂರ್ಣಕಾಲದ ಸೇವೆಗೆ ಕರೆದರು. ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಫ್ರೈಯವರು ಆಗ ನಲ್ವತ್ತು ದಾಟಿದವರು. ವ್ಯಾಪಾರ ನಡೆಯುತ್ತಿತ್ತು, ಊರಲ್ಲಿ ಗೌರವವಿತ್ತು, ತಲೆಮಾರಿನಿಂದ ಬಂದ ಸಭೆಯ ನಂಟಿತ್ತು. ಬೀದಿಯಲ್ಲಿ ತುತ್ತೂರಿ ಊದುವವರನ್ನು ಅಲ್ಲಿಯ ಸಭ್ಯರು ಮರ್ಯಾದಸ್ಥರೆಂದು ಎಣಿಸುತ್ತಿರಲಿಲ್ಲ. ನಮ್ಮ ದೇಶದಲ್ಲಿ ವಾದ್ಯ ಬಾರಿಸುವವರಿಗೆ ಜಾತಿಯ ಹೀನಾಯವು ಹತ್ತಿಕೊಂಡದ್ದನ್ನು ಬಲ್ಲವರು ಅವರ ಕಷ್ಟವನ್ನು ತಿಳಿಯಬಲ್ಲರು. ಆದರೂ ಅವರು ವ್ಯಾಪಾರವನ್ನು ಮುಗಿಸಿ, ಮಕ್ಕಳೊಡನೆ ಊರಿಂದೂರಿಗೆ ಹೊರಟರು. ಬೂತರ ಕೂಟಗಳಲ್ಲಿ ಊದುವದೂ ಹಾಡುವದೂ ಸಾಕ್ಷಿ ಹೇಳುವದೂ ಅವರ ಕೆಲಸವಾಯಿತು.

1881ರಲ್ಲಿ ಲಿಂಕನ್ ಪಟ್ಟಣದಲ್ಲಿದ್ದಾಗ ಫ್ರೈಯವರು ಒಂದು ಹಾಡನ್ನು ಬರೆದರು. ಪರಮಗೀತದ 2ನೆಯ ಅಧ್ಯಾಯದ ಮೊದಲನೆಯ ವಚನದಲ್ಲಿ ಹೇಳಿರುವ ತಗ್ಗಿನ ಹೂವನ್ನು ಕ್ರಿಸ್ತನಿಗೆ ಹೋಲಿಸಿ, ಆತನನ್ನು ಸ್ನೇಹಿತನೆಂದು ವರ್ಣಿಸುವ ಹಾಡದು. ಆ ವರುಷದ ಕೊನೆಯಲ್ಲಿ ಸೈನ್ಯದ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೆ ಅವರು ಆರಿಸಿದ ರಾಗ ದೇವಾಲಯದ್ದಲ್ಲ. ಅಮೇರಿಕದ ವಿಲಿಯಂ ಹೇಸ್ ಎಂಬವರು 1871ರಲ್ಲಿ ರಚಿಸಿದ, ಮುಖಕ್ಕೆ ಮಸಿ ಬಳಿದುಕೊಂಡು ನೀಗ್ರೋಗಳಂತೆ ನಟಿಸುವ ಆಟದವರು ಹಾಡುತ್ತಿದ್ದ ಒಂದು ಹಾಡಿನ ರಾಗ. ಗುಲಾಮನಾಗಿದ್ದ ಮುದುಕನೊಬ್ಬನು ತನ್ನ ಗುಡಿಸಲನ್ನು ಕುರಿತು ಮರುಗುವದೇ ಅದರ ವಿಷಯ. ಬೇರೊಬ್ಬರ ದುಃಖವನ್ನು ವಿನೋದಕ್ಕಾಗಿ ಮಾರಿಕೊಂಡ ಆ ಆಟಗಳನ್ನು ನಾವು ಮೆಚ್ಚುವದಿಲ್ಲ. ಆ ರಾಗವನ್ನು ಅಲ್ಲಿಂದ ಬಿಡಿಸಿ ತಂದದ್ದು ತಪ್ಪಲ್ಲವೆಂದೇ ನಮಗೆ ತೋರುತ್ತದೆ. ಆ ದಿನಗಳಲ್ಲಿಯೇ ಅನೇಕ ಭಕ್ತರು ಇದಕ್ಕೆ ಮುಖ ಗಂಟಿಕ್ಕಿದರು. 1882ರಲ್ಲಿ ವೂಸ್ಟರ್ ಪಟ್ಟಣದ ಕೂಟದಲ್ಲಿ ಬೂತರು ಕೇಳಿ ಬಹಳ ಮೆಚ್ಚಿದ ಭಕ್ತಿಗೀತೆಯ ರಾಗವಂತೂ ಮದ್ಯಪಾನವನ್ನು ಹೊಗಳುವ ಬೀದಿಹಾಡಿನಿಂದ ಬಂದದ್ದು. ಕುಡುಕರು ಬಲ್ಲ ರಾಗವನ್ನೇ ಹಾಡಿದರೆ ಕುಡುಕರು ಕೂಡಲೇ ಸೇರಿ ಹಾಡುವರು. ಸೈನ್ಯದವರ ನ್ಯಾಯ ಇದೇ. ನಮ್ಮ ಸಭೆಗಳಲ್ಲಿ ಹಳ್ಳಿಯ ಮಟ್ಟುಗಳಲ್ಲಿ ಕೀರ್ತನೆ ಹಾಡಬಹುದೋ ಎಂದು ವಾದಿಸುವವರು ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೀದಿಯ ಹಿಂಸೆ ಈ ವರುಷಗಳಲ್ಲಿ ಕಡಿಮೆಯಾಗಲಿಲ್ಲ. ಸಾರಾಯಿಯವರ ಪ್ರೋತ್ಸಾಹದಿಂದ ಅಸ್ಥಿಪಂಜರ ಸೈನ್ಯವೆಂಬ ಹೆಸರಿನ ಪುಂಡರ ಗುಂಪುಗಳು ಅನೇಕ ಪಟ್ಟಣಗಳಲ್ಲಿ ಎದ್ದವು. ಪುಂಡರು ಗಲಭೆ ಮಾಡುವರೆಂಬ ಕಾರಣದಿಂದ ಮೆರವಣಿಗೆಯವರನ್ನೇ ಮ್ಯಾಜಿಸ್ಟ್ರೇಟರು ಅಪರಾಧಿಗಳನ್ನಾಗಿ ಎಣಿಸಿದರು. ವೆಸ್ಟನ್-ಸೂಪರ್-ಮೇರ್ ಎಂಬ ಊರಿನ ಅಂಥ ಒಂದು ವ್ಯಾಜ್ಯವು ಲಂಡನಿನ ದೊಡ್ಡ ನ್ಯಾಯಸ್ಥಾನಕ್ಕೆ ಹೋಯಿತು. ನ್ಯಾಯವಾದ ಕೆಲಸವನ್ನು ಮಾಡುವವನು, ಅದನ್ನು ತಡೆಯಲು ಬೇರೊಬ್ಬರು ಗಲಭೆ ಎಬ್ಬಿಸುವರೆಂಬ ಮಾತ್ರಕ್ಕೆ ಅಪರಾಧಿಯಾಗುವದಿಲ್ಲವೆಂದು 1882ರಲ್ಲಿ ತೀರ್ಪಾಯಿತು. ಬೀಟಿ ಮತ್ತು ಗಿಲ್‌ಬ್ಯಾಂಕ್ಸ್ ಎಂಬವರ ಹೆಸರಿನ ಆ ಮೊಕದ್ದಮೆಯನ್ನು ವಕೀಲರು ಇಂದಿಗೂ ಓದುತ್ತಾರೆ.

ಅಷ್ಟರಲ್ಲಿ ಫ್ರೈಯವರ ಆರೋಗ್ಯ ಕೆಟ್ಟಿತ್ತು. ವಿಶ್ರಾಂತಿಗಾಗಿ ಸ್ಕಾಟ್ಲೆಂಡಿನ ಪೋಲ್ಮಾಂಟಿಗೆ ಸಮೀಪವಾದ ಪಾರ್ಕ್ ಹಾಲ್ ಎಂಬ ಮನೆಯಲ್ಲಿದ್ದಾಗ, 1882ನೇ ಆಗಸ್ಟ್ 24ರಲ್ಲಿ, ಸುಮಾರು ನಲ್ವತ್ತೈದು ವರುಷ ಪ್ರಾಯದಲ್ಲಿ ಕರ್ತನಲ್ಲಿ ನಿದ್ರೆಹೋದರು. ಮೊದಲನೆಯ ಸಾರಿ ಸಂತೆಯಲ್ಲಿ ಊದಿ ನಾಲ್ಕೇ ವರುಷ ಕಳೆದಿತ್ತು.

ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಸೆಪ್ಟೆಂಬರ್ 19ರಲ್ಲಿ ಫ್ರೆಡ್ರಿಕ್ ಟಕ್ಕರ್ ಎಂಬವರು ಮೂವರು ಜೊತೆಗಾರರೊಡನೆ ಬೊಂಬಾಯಿಯಲ್ಲಿ ಹಡಗಿನಿಂದ ಇಳಿದರು. ಟಕ್ಕರರು ಹಿಂದೆ ಇದೇ ದೇಶದಲ್ಲಿ ಸರಕಾರದ ದೊಡ್ಡ ಅಧಿಕಾರಿಯಾಗಿದ್ದು ಆ ಕೆಲಸವನ್ನು ಬಿಟ್ಟವರು. ಹೀಗೆ ರಕ್ಷಣಾ ಸೈನ್ಯವು ನಮ್ಮ ದೇಶಕ್ಕೆ ಬಂತು. ವಾದ್ಯಗಳೊಡನೆ ಬೀದಿಯಲ್ಲಿ ಮೆರವಣಿಗೆ ಹೊರಡಬಾರದೆಂದು ಬೊಂಬಾಯಿಯ ಪೊಲೀಸರು ಅವರನ್ನು ತಡೆದರು. ಕೇಳದೆ ಹೊರಟಾಗ ಹಿಡಿದರು.

ತಂದೆಯ ಮರಣದಿಂದ ಮಕ್ಕಳ ಸೇವೆ ನಿಲ್ಲಲಿಲ್ಲ. 1883ರಲ್ಲಿ ಲಂಡನಿನಲ್ಲಿ ಸೈನ್ಯದ ಸಂಗೀತ ಕಛೇರಿ ಏರ್ಪಟ್ಟಾಗ ರಿಚರ್ಡ್ ಸ್ಲೇಟರ್ ಎಂಬ ಪಿಟೀಲುವಾದಕರ ಜೊತೆಯಲ್ಲಿ ಫ್ರೆಡ್ ಫ್ರೈ ಅಲ್ಲಿ ಕೂತು ಬ್ಯಾಂಡುಗಳಿಗೆ ರಾಗಗಳನ್ನು ಬರೆದು ಹಂಚುವ ಕೆಲಸ ಮಾಡಿದರು. 1884ರಿಂದ ಬ್ಯಾಂಡಿನ ಬರಹಗಳು ಕ್ರಮವಾಗಿ ಅಚ್ಚಾದವು. ಮೊದಲು ಬಹುಕಾಲ ಬ್ಯಾಂಡಿನವರು ಸಭೆಯವರ ಹಾಡಿಗೆ ಜೊತೆಗೂಡುವ ರಾಗಗಳನ್ನು ಮಾತ್ರ ಊದಬೇಕಾಗಿತ್ತು. ಒಬ್ಬನು ಎದ್ದುನಿಂತು ತನ್ನ ಜಾಣತನ ತೋರಿಸುವದನ್ನು ಹಿರಿಯರು ಅನುಮಾನದಿಂದ ನೋಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಆ ಕಟ್ಟು ಸಡಿಲವಾಯಿತು. ಕಾರ್ನೆಟಿಗೂ ಯೂಫೋನಿಯಮಿಗೂ ಜೋಡಿವಾದ್ಯ, ಎರಡು ಯೂಫೋನಿಯಮಿಗೆ ಜೋಡಿವಾದ್ಯ, ಒಂಟಿವಾದ್ಯ ಹೀಗೆ ಅನೇಕ ರಚನೆಗಳು ಹುಟ್ಟಿದವು. ಸ್ವೀಡನಿನಲ್ಲಿ ಹುಟ್ಟಿ ಅಮೇರಿಕದಲ್ಲಿ ಸೇವೆ ಮಾಡಿ 1962ರಲ್ಲಿ ತೀರಿಕೊಂಡ ಎರಿಕ್ ಲೈಡ್ಜೆನ್ ಎಂಬವರು ಯೂಫೋನಿಯಮಿಗಾಗಿಯೇ ಸಹೋದರನ ಗೀತೆ ಎಂಬ ಅರ್ಥದ ಹೆಸರುಳ್ಳ ಒಂದನ್ನು ಬರೆದರು. ಇದನ್ನೆಲ್ಲಾ ಊದುವವರಿಗೆ ಸಂಬಳವಿಲ್ಲ. ವಾರದ ಆರು ದಿನ ಗಣಿಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ಸಂಜೆಯ ಹೊತ್ತು ಅಭ್ಯಾಸ ಮಾಡಿ, ಭಾನುವಾರ ಬೆಳಿಗ್ಗೆ ಹಿತ್ತಾಳೆಯನ್ನು ಉಜ್ಜಿ ಹೊಳಪಿಸಿಕೊಂಡು ಅವರು ಬೀದಿಯ ಮೂಲೆಗೆ ಹೋಗಿ ನಿಲ್ಲುತ್ತಿದ್ದರು.