ಮಿದುಳಿನ ರಕ್ತಸ್ರಾವ ತಡೆದ ಡಾ. ಹಾರ್ವೆ ಕುಶಿಂಗ್

ನಮ್ಮೂರಿನಲ್ಲಿ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡರೆ ಮೊದಲು ನೆನಪಾಗುವುದು ಕಾಫಿಪುಡಿ, ಇಲ್ಲವೇ ಅರಿಶಿನ. ಗಾಯಕ್ಕೆ ಮೆತ್ತಿ, ಒತ್ತಿ ಹಿಡಿದು, ಬಟ್ಟೆ ಸುತ್ತಿದರೆ ಸ್ವಲ್ಪ ಹೊತ್ತಿಗೆ ರಕ್ತ ನಿಲ್ಲುತ್ತದೆ. ಅಲ್ಲಿ ಹೆಚ್ಚು ಕೆಲಸ ಮಾಡುವುದು ಪುಡಿಯಲ್ಲ. ನಾವು ಒತ್ತಿ ಹಿಡಿದದ್ದು ಮತ್ತು ರಕ್ತಕ್ಕೇ ಇರುವ ಹೆಪ್ಪುಗಟ್ಟುವ ಗುಣ. ಬೆರಳಾದರೆ ಒತ್ತಬಹುದು, ಕಟ್ಟಬಹುದು. ರಕ್ತ ಸೋರುತ್ತಿರುವುದು ಮಿದುಳಿನೊಳಗಾದರೆ? ಬೆಣ್ಣೆಯಂತೆ ಮೆತ್ತಗಿರುವ ಮಿದುಳನ್ನು ಬಲವಾಗಿ ಒತ್ತುವಂತಿಲ್ಲ. ಆಳದಲ್ಲಿರುವ ಎಳೆಯಂಥ ರಕ್ತನಾಳಗಳಿಗೆ ದಾರ ಕಟ್ಟಲು ಕೈ ಹೋಗುವುದಿಲ್ಲ. ಈ ಸಮಸ್ಯೆಯೊಡನೆ ಜೀವಮಾನವಿಡೀ ಹೋರಾಡಿದವರು ಅಮೆರಿಕದ ಶಸ್ತ್ರವೈದ್ಯ ಡಾ. ಹಾರ್ವೆ ಕುಶಿಂಗ್.

ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬಿ.ಇ. ಓದಿ, ಸಾಫ್ಟ್‌ವೇರ್ ಕೆಲಸದಲ್ಲಿರುವವನು, ವೈದ್ಯನಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನ ತಲೆಯಲ್ಲಿ ಗೆಡ್ಡೆಯಾಗಿ ಆಪರೇಷನ್ ಆಯಿತು. ರಕ್ತ ನಿಲ್ಲಿಸಲು ತೆಳುವಾದ ಒಂದು ಪದರವನ್ನು ಒಳಗೇ ಬಿಟ್ಟಿದ್ದೇವೆ, ಅದು ತಾನಾಗಿ ಕರಗುತ್ತದೆ ಎಂದು ವೈದ್ಯರು ತಿಳಿಸಿದರು. ತಲೆಯೊಳಗೆ ಏನೋ ಬಿಟ್ಟಿದ್ದಾರಂತೆ ಎಂದು ಮನೆಯವರಿಗೆಲ್ಲ ಗಾಬರಿ. ಆ ಪದರ ಯಾವುದು, ದೇಹ ಅದನ್ನು ಏನು ಮಾಡುತ್ತದೆ ಎಂದು ಓದತೊಡಗಿದಾಗ ಮತ್ತೆ ಮತ್ತೆ ಎದುರಾದ ಹೆಸರು ಕುಶಿಂಗ್ ಅವರದು.

ಅವರು ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ತಂದೆ, ಅಜ್ಜ, ಮುತ್ತಜ್ಜ ಎಲ್ಲರೂ ವೈದ್ಯರೇ. ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದರು. ವಿದ್ಯಾರ್ಥಿಯಾಗಿದ್ದಾಗಲೇ ಒಬ್ಬ ರೋಗಿಗೆ ಈಥರ್ ಕೊಟ್ಟು ಮೂರ್ಛೆಗೊಳಿಸುವ ಕೆಲಸ ಅವರ ಪಾಲಿಗೆ ಬಂತು. ಆ ರೋಗಿ ತೀರಿಕೊಂಡ. ವೈದ್ಯವೃತ್ತಿಯನ್ನೇ ಬಿಡುವ ಯೋಚನೆ ಬರುವಷ್ಟು ಅವರು ನೊಂದರು. ಆದರೆ ಬಿಡಲಿಲ್ಲ. ಗೆಳೆಯ ಕಾಡ್‌ಮನ್ ಜೊತೆ ಸೇರಿ, ಆಪರೇಷನ್ ನಡೆಯುವಾಗ ರೋಗಿಯ ನಾಡಿ ಮತ್ತು ಉಸಿರಾಟವನ್ನು ನಿಮಿಷ ನಿಮಿಷಕ್ಕೂ ಹಾಳೆಯ ಮೇಲೆ ಗುರುತಿಸುವ ಪದ್ಧತಿ ಆರಂಭಿಸಿದರು. ಇಂದು ಪ್ರತಿ ಆಪರೇಷನ್ ಕೊಠಡಿಯಲ್ಲೂ ಇರುವ ಅರಿವಳಿಕೆ ದಾಖಲೆಗೆ ಇದು ಮೊದಲ ಹೆಜ್ಜೆ.

1896ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅವರ ಬಳಿ ಸೇರಿದರು. ಬೇಗ ಮುಗಿಸುವವನೇ ಒಳ್ಳೆಯ ಶಸ್ತ್ರವೈದ್ಯ ಎಂಬ ಹಳೆಯ ನಂಬಿಕೆ ಇನ್ನೂ ಇದ್ದ ಕಾಲ. ಹಾಲ್‌ಸ್ಟೆಡ್ ನಿಧಾನವಾಗಿ, ಹನಿ ರಕ್ತವೂ ವ್ಯರ್ಥವಾಗದಂತೆ ಕೆಲಸ ಮಾಡುತ್ತಿದ್ದರು. ಕುಶಿಂಗ್ ಆ ತಾಳ್ಮೆಯನ್ನು ಮಿದುಳಿಗೆ ತಂದರು. ಬಳಿಕ ಯೂರೋಪಿಗೆ ಹೋಗಿ ಬರ್ನ್ ನಗರದಲ್ಲಿ ಕೋಖರ್ ಅವರ ಬಳಿ ಕಲಿತರು. 1901ರಲ್ಲಿ ಇಟಲಿಯ ಪಾವಿಯಾದಲ್ಲಿ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ರೀವಾ-ರೋಚಿ ಉಪಕರಣವನ್ನು ಕಂಡು, ಅದನ್ನು ಅಮೆರಿಕಕ್ಕೆ ತಂದು ಬಳಕೆಗೆ ಹಚ್ಚಿದರು.

ಆಗಿನ ದಿನಗಳಲ್ಲಿ ಮಿದುಳಿನ ಗೆಡ್ಡೆಗೆ ಕೈಹಾಕುವುದೆಂದರೆ ಸಾವಿನ ಬಾಗಿಲು ತಟ್ಟಿದಂತೆ. ಗೆಡ್ಡೆ ಕೈಗೆ ಸಿಕ್ಕರೂ ರಕ್ತ ನಿಲ್ಲದೆ, ಕೆಲಸವನ್ನು ಅರ್ಧಕ್ಕೆ ಬಿಟ್ಟು ತಲೆಯನ್ನು ಮುಚ್ಚಬೇಕಾಗುತ್ತಿತ್ತು. ಕುಶಿಂಗ್ 1911ರಲ್ಲಿ ಇದಕ್ಕೆ ತಮ್ಮ ಉಪಾಯಗಳನ್ನು ಪ್ರಕಟಿಸಿದರು. ಒಂದು, ಬೆಳ್ಳಿ ತಂತಿಯ ಪುಟ್ಟ ಕ್ಲಿಪ್. ದಾರ ಕಟ್ಟಲಾಗದ ಕಡೆ ಚಿಮಟದಂಥ ಉಪಕರಣದಿಂದ ರಕ್ತನಾಳಕ್ಕೆ ಅದನ್ನು ಸಿಕ್ಕಿಸಿ ಒತ್ತಿದರೆ ನಾಳ ಮುಚ್ಚಿಕೊಳ್ಳುತ್ತದೆ. ಇನ್ನೊಂದು, ರೋಗಿಯದೇ ಮಾಂಸಖಂಡದ ಚಿಕ್ಕ ತುಣುಕನ್ನು ಸೋರುವ ಜಾಗಕ್ಕೆ ಇಟ್ಟು ಮೆಲ್ಲಗೆ ಅದುಮುವುದು. ಇಂದಿನ ರಕ್ತಸ್ತಂಭಕ ಪದರಗಳ ಹಿರಿಯಜ್ಜ ಈ ತುಣುಕೇ ಎನ್ನಬಹುದು.

ಅದು ಹೇಗೆ ಕೆಲಸ ಮಾಡುತ್ತದೆ? ನಮ್ಮ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಕರಗಿದ ರೂಪದಲ್ಲಿ ಇರುತ್ತದೆ. ಗಾಯವಾದ ಅಂಗಾಂಶದಿಂದ ಸೂಚನೆ ಸಿಕ್ಕಾಗ ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ, ಫೈಬ್ರಿನೋಜನ್ ಅನ್ನು ಫೈಬ್ರಿನ್ ಎಂಬ ನಾರಾಗಿ ಬದಲಿಸುತ್ತದೆ. ಈ ನಾರುಗಳು ಬಲೆಯಂತೆ ಹೆಣೆದುಕೊಂಡು ರಕ್ತಕಣಗಳನ್ನು ಹಿಡಿದಿಡುತ್ತವೆ. ಕೊಯ್ದ ಮಾಂಸದ ತುಣುಕಿನಲ್ಲಿ ಆ ಸೂಚನೆ ಕೊಡುವ ಪದಾರ್ಥ ಇದ್ದೇ ಇರುತ್ತದೆ. ಜೊತೆಗೆ ಅದು ರೋಗಿಯದೇ ದೇಹದ ಭಾಗ; ಹೊರಗಿನದಲ್ಲ.

ಹೊರಗಿನ ವಸ್ತುವಾದರೆ ಕಥೆ ಬೇರೆ. ದೇಹದ ಭಕ್ಷಕ ಕಣಗಳು ಅದನ್ನು ಸುತ್ತುವರಿದು ತಿಂದು ಮುಗಿಸಲು ನೋಡುತ್ತವೆ. ಒಂದು ಕಣದಿಂದ ಆಗದಿದ್ದರೆ ಹಲವು ಕಣಗಳು ಕೂಡಿ ದೈತ್ಯಕಣವಾಗುತ್ತವೆ. ಅದಕ್ಕೂ ಸಾಧ್ಯವಾಗದಿದ್ದರೆ ವಸ್ತುವಿನ ಸುತ್ತ ನಾರಿನ ಗೋಡೆ ಕಟ್ಟಿಬಿಡುತ್ತವೆ. ಹತ್ತಿಯ ಎಳೆಯನ್ನು ದೇಹ ಅರಗಿಸಿಕೊಳ್ಳಲಾರದು. ಒಳಗೆ ಉಳಿದ ಹತ್ತಿಯ ಸುತ್ತ ಗಂಟು ಬೆಳೆದು ಹೊಸ ಗೆಡ್ಡೆಯಂತೆ ಕಾಣುವುದುಂಟು. ಆದ್ದರಿಂದಲೇ ಆಪರೇಷನ್ ಮುಗಿಯುವ ಮುನ್ನ ಹತ್ತಿಯ ತುಂಡುಗಳನ್ನು ಎಣಿಸಿ ಲೆಕ್ಕ ಹೊಂದಿಸುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಕುಶಿಂಗ್ ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗದ ಆಸ್ಪತ್ರೆಗಳಲ್ಲಿ ದುಡಿದರು. ಮಿದುಳಿಗೆ ಹೊಕ್ಕ ಲೋಹದ ಚೂರುಗಳನ್ನು ಅಯಸ್ಕಾಂತದಿಂದ ತೆಗೆಯುತ್ತಿದ್ದರು. ಅವರ ಕೈಯಲ್ಲಿ ಮಿದುಳು ಗಾಯಾಳುಗಳ ಸಾವಿನ ಪ್ರಮಾಣ ಕೆಲವೇ ತಿಂಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. 1917ರ ಆಗಸ್ಟ್‌ನಲ್ಲಿ, ತಾವು ಗುರುವೆಂದು ಭಾವಿಸಿದ್ದ ವಿಲಿಯಂ ಆಸ್ಲರ್ ಅವರ ಮಗ ರೆವೆರ್ ಗಾಯಗೊಂಡು ಬಂದಾಗ ಕುಶಿಂಗ್ ಅಲ್ಲಿಗೆ ಧಾವಿಸಿದರು. ರಕ್ತ ಕೊಟ್ಟರು, ಆಪರೇಷನ್ ನಡೆಯಿತು, ಹುಡುಗ ಉಳಿಯಲಿಲ್ಲ. ಆಸ್ಲರ್ ತೀರಿಕೊಂಡ ಮೇಲೆ ಕುಶಿಂಗ್ ಅವರ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದರು. ಅದಕ್ಕೆ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಅದೇ 1926ರ ಜೂನ್‌ನಲ್ಲಿ ಕುಶಿಂಗ್ ಅವರ ಹಿರಿಯ ಮಗ ವಿಲಿಯಂ ಕಾರು ಅಪಘಾತದಲ್ಲಿ ತೀರಿಕೊಂಡ. ಸುದ್ದಿ ತಿಳಿದ ಮೇಲೂ ಅವರು ಆ ದಿನಕ್ಕೆ ನಿಗದಿಯಾಗಿದ್ದ ಆಪರೇಷನ್ ಮುಗಿಸಿಯೇ ಹೊರಟರು. ಇದನ್ನು ಕಲ್ಲೆದೆ ಎನ್ನುವವರಿದ್ದಾರೆ, ಕರ್ತವ್ಯ ಎನ್ನುವವರೂ ಇದ್ದಾರೆ. ಸಹಾಯಕರನ್ನು ಕಟುವಾಗಿ ಬೈಯುತ್ತಿದ್ದರು, ಮನೆಗೆ ಸಮಯ ಕೊಡುತ್ತಿರಲಿಲ್ಲ ಎಂಬುದೂ ನಿಜ. ದೊಡ್ಡವರ ಜೀವನವನ್ನು ಓದುವಾಗ ಇವನ್ನೆಲ್ಲ ಮುಚ್ಚಿಡಬಾರದು.

ಅದೇ ವರ್ಷದ ಅಕ್ಟೋಬರ್ 1ರಂದು ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಕೆಲವು ದಿನ ಮೊದಲು ರಕ್ತ ನಿಲ್ಲದೆ ಕೈಬಿಟ್ಟಿದ್ದ ತಲೆಬುರುಡೆಯ ಗೆಡ್ಡೆಯೊಂದನ್ನು, ವಿಲಿಯಂ ಬೋವಿ ತಯಾರಿಸಿದ ವಿದ್ಯುತ್ ಯಂತ್ರದ ನೆರವಿನಿಂದ ಅವರು ತೆಗೆದರು. ಬೋವಿ ವೈದ್ಯರಲ್ಲ, ವಿಜ್ಞಾನಿ. ಅಧಿಕ ಆವರ್ತನದ ವಿದ್ಯುತ್ತು ಅಂಗಾಂಶವನ್ನು ಕತ್ತರಿಸುತ್ತದೆ, ನಾಳಗಳನ್ನು ಸುಟ್ಟು ಮುಚ್ಚುತ್ತದೆ. ಹಿಂದೆ ಆಗದೆಂದು ಬಿಟ್ಟಿದ್ದ ರೋಗಿಗಳನ್ನು ಕುಶಿಂಗ್ ಮತ್ತೆ ಕರೆಸಿಕೊಂಡರು. ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಇರುವ ಕಾಟರಿ ಯಂತ್ರ ಅದರ ಸಂತತಿ.

ಪದರಗಳ ಕಥೆ ಅವರ ನಂತರ ವೇಗ ಪಡೆಯಿತು. 1940ರ ದಶಕದಲ್ಲಿ ಮಾನವ ರಕ್ತದಿಂದ ತೆಗೆದ ಫೈಬ್ರಿನ್ ನೊರೆ, ಆಕ್ಸೀಕೃತ ಸೆಲ್ಯುಲೋಸ್, ಜೆಲಾಟಿನ್ ಸ್ಪಂಜು ಬಂದವು. ಜೆಲಾಟಿನ್ ಸ್ಪಂಜನ್ನು ದೇಹ ನಾಲ್ಕರಿಂದ ಆರು ವಾರಗಳಲ್ಲಿ ಅರಗಿಸಿಕೊಳ್ಳುತ್ತದೆ. ಆದರೆ ಅದು ರಕ್ತ ಹೀರಿ ಉಬ್ಬುತ್ತದೆ. ಬೆನ್ನುಹುರಿಯಂಥ ಇಕ್ಕಟ್ಟಿನ ಜಾಗದಲ್ಲಿ ಹೆಚ್ಚು ಬಿಟ್ಟರೆ ನರವನ್ನು ಒತ್ತಬಹುದು. ದನದ ರಕ್ತದಿಂದ ತೆಗೆದ ಥ್ರಾಂಬಿನ್ ಬಳಸಿದಾಗ ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿ, ಆ ಪ್ರತಿಕಾಯಗಳು ತಮ್ಮದೇ ರಕ್ತದ ಹೆಪ್ಪುಗಟ್ಟುವ ಅಂಶಗಳ ಮೇಲೆ ತಿರುಗಿಬಿದ್ದದ್ದೂ ಇದೆ. ರಕ್ತ ನಿಲ್ಲಿಸಲು ಹಾಕಿದ್ದೇ ರಕ್ತ ಸೋರಲು ಕಾರಣವಾಯಿತು.

ಮಾವನಿಗೆ ತಿಂಗಳುಗಳ ನಂತರ ಸ್ಕ್ಯಾನ್ ಮಾಡಿದಾಗ ಗೆಡ್ಡೆಯಿದ್ದ ಜಾಗದಲ್ಲಿ ಒಂದು ನೆರಳು ಕಂಡಿತು. ಗೆಡ್ಡೆ ಮರಳಿತೇ ಎಂದು ಅತ್ತೆ ಅಳತೊಡಗಿದರು. ವೈದ್ಯರು ಹಳೆಯ ಆಪರೇಷನ್ ಟಿಪ್ಪಣಿ ತೆಗೆದು ನೋಡಿ, ಅಲ್ಲಿಟ್ಟ ಪದರಕ್ಕೆ ದೇಹ ತೋರಿದ ಪ್ರತಿಕ್ರಿಯೆ ಇರಬಹುದು, ಕಾಯೋಣ ಎಂದರು. ಮುಂದಿನ ಸ್ಕ್ಯಾನ್‌ನಲ್ಲಿ ನೆರಳು ಇರಲಿಲ್ಲ. ಏನನ್ನು, ಎಲ್ಲಿ ಇಟ್ಟೆವು ಎಂದು ಬರೆದಿಡದಿದ್ದರೆ ಎರಡನೆಯ ಸಲ ತಲೆ ತೆರೆಯಬೇಕಾಗುತ್ತಿತ್ತೇನೋ.

ಬರೆದಿಡುವುದರಲ್ಲಿ ಕುಶಿಂಗ್ ಅವರಿಗೆ ಸಾಟಿಯಿಲ್ಲ. ಪ್ರತಿ ರೋಗಿಯ ಚಿತ್ರ, ಟಿಪ್ಪಣಿ, ತೆಗೆದ ಗೆಡ್ಡೆಯ ಮಾದರಿ, ಬದುಕಿದವರು ಮುಂದೆ ಹೇಗಿದ್ದಾರೆಂಬ ವಿವರ, ಸತ್ತವರ ಲೆಕ್ಕ ಎಲ್ಲವನ್ನೂ ಇಟ್ಟರು. 1931ರ ಏಪ್ರಿಲ್‌ನಲ್ಲಿ ಅವರು ಪರೀಕ್ಷೆಯಿಂದ ದೃಢಪಟ್ಟ 2,000ನೇ ಗೆಡ್ಡೆಯ ಆಪರೇಷನ್ ಮಾಡಿದರು. 1932ರಲ್ಲಿ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯಿಂದ ಮುಖ ಗುಂಡಗಾಗಿ ಮೈ ಊದುವ ಕಾಯಿಲೆಯನ್ನು ವಿವರಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲಿದೆ. 1939ರ ಅಕ್ಟೋಬರ್ 7ರಂದು, 70ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ನಿಧನರಾದರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳಿನಲ್ಲೂ ಒಂದು ಪುಟ್ಟ ಗಂಟು ಸಿಕ್ಕಿತು. ಜೀವಮಾನವಿಡೀ ಇತರರ ತಲೆಯಲ್ಲಿ ಹುಡುಕಿದ್ದು ಅವರೊಳಗೂ ಸದ್ದಿಲ್ಲದೆ ಕುಳಿತಿತ್ತು.

ಅವರ ಗೆಡ್ಡೆ ಮಾದರಿಗಳು ಮತ್ತು ಹಳೆಯ ವೈದ್ಯಗ್ರಂಥಗಳು ಇಂದು ಯೇಲ್‌ನಲ್ಲಿವೆ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ರೆಕಾರ್ಡ್ ಪುಸ್ತಕ ಬರೆಯಲು ಬೇಸರಪಡುವ ಮಕ್ಕಳಿಗೆ ನಾನು ಹೇಳಬಯಸುವುದು ಇಷ್ಟೇ: ಕಂಡದ್ದನ್ನು ಕಂಡಂತೆ, ಸೋತದ್ದನ್ನೂ ಸೇರಿಸಿ ಬರೆದಿಡಿ. ಅದು ಯಾರದೋ ಪ್ರಾಣಕ್ಕೆ ಆಗಿಬರುತ್ತದೆ.