ದಾಮಾಸೊ ಅಲೊನ್ಸೊ: ಪಾಠ ಹೇಳುತ್ತಲೇ ಕವಿಯಾದವರು

ದಾಮಾಸೊ ಅಲೊನ್ಸೊ 1898ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಹುಟ್ಟಿದರು. ಗಣಿತದಲ್ಲಿ ಆಸಕ್ತಿಯಿದ್ದ ಅವರು ಎಂಜಿನಿಯರ್ ಆಗಬೇಕೆಂದಿದ್ದರು. ಕಣ್ಣಿನ ಕಾಯಿಲೆಯಿಂದ ಆ ಓದನ್ನು ಬಿಡಬೇಕಾಯಿತು. ಆಮೇಲೆ ಸಾಹಿತ್ಯದ ಕಡೆ ಹೊರಳಿ, 1921ರಲ್ಲಿ ಮೊದಲ ಕವನ ಸಂಕಲನ ಪ್ರಕಟಿಸಿದರು.

ಅವರಿಗೆ ಹೆಸರು ತಂದದ್ದು ಬೇರೊಬ್ಬ ಕವಿ. ಕಾರ್ಡೋಬಾದ ಗೊಂಗೊರಾ 1627ರಲ್ಲಿ ತೀರಿಕೊಂಡಿದ್ದರು. ಅವರ ದೊಡ್ಡ ಕವಿತೆಗಳನ್ನು ವಿಮರ್ಶಕರು ಅರ್ಥವಾಗದ ಕಗ್ಗವೆಂದು ಬದಿಗಿಟ್ಟಿದ್ದರು. ಅಲೊನ್ಸೊ ಒಂದೊಂದೇ ಸಾಲು ಬಿಡಿಸಿ, 1927ರಲ್ಲಿ ಸರಳ ಗದ್ಯಾನುವಾದದೊಂದಿಗೆ ಹೊರತಂದರು. ಅರ್ಥವಾಗದ್ದು ಕವಿತೆಯ ತಪ್ಪಲ್ಲ, ನಾವು ಅವಸರದಲ್ಲಿ ಓದಿದ್ದೇ ತಪ್ಪು ಎಂಬುದು ಗೊತ್ತಾಯಿತು. ಲೋರ್ಕಾ ಮೊದಲಾದ ಗೆಳೆಯರ ಗುಂಪನ್ನು ಇಂದಿಗೂ 27ರ ಪೀಳಿಗೆ ಎಂದೇ ಕರೆಯುತ್ತಾರೆ.

1933ರಲ್ಲಿ ವಲೆನ್ಸಿಯಾದಲ್ಲಿ ಪ್ರಾಧ್ಯಾಪಕರಾದರು, ಅಂತರ್ಯುದ್ಧದ ನಂತರ ಮ್ಯಾಡ್ರಿಡ್‌ನಲ್ಲಿ. ಯುದ್ಧ ಲೋರ್ಕಾರನ್ನು ಬಲಿ ತೆಗೆದುಕೊಂಡಿತ್ತು, ಹಲವು ಗೆಳೆಯರು ದೇಶ ಬಿಟ್ಟಿದ್ದರು. ಉಳಿದವರು ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ, 1944ರಲ್ಲಿ, ಅವರ 'ಕ್ರೋಧದ ಮಕ್ಕಳು' ಬಂತು. ಪ್ರಾಸವಿಲ್ಲದ ಉದ್ದುದ್ದ ಸಾಲುಗಳು, ಬೀದಿಯ ಮಾತು, ನಿದ್ದೆ ಬಾರದ ರಾತ್ರಿಗಳು, ದೇವರನ್ನು ನೇರವಾಗಿ ಕೇಳುವ ಪ್ರಶ್ನೆಗಳು. ಆಗ ಅವರಿಗೆ ನಲವತ್ತೈದು ದಾಟಿತ್ತು. ಅಷ್ಟು ವರ್ಷ ಬೇರೆಯವರ ಪದ್ಯಗಳನ್ನು ವಿವರಿಸಿದ ಮೇಷ್ಟ್ರಲ್ಲಿ ಇಷ್ಟು ಸಂಕಟವಿತ್ತೆಂದು ಓದುಗರು ಊಹಿಸಿರಲಿಲ್ಲ.

ನಮಗೆ ಇನ್ನಷ್ಟು ಹತ್ತಿರದ ಸಂಗತಿ 1948ರದು. ಮುಸ್ಲಿಂ ಆಳ್ವಿಕೆಯ ಅಂದಲುಸ್‌ನಲ್ಲಿ 'ಮುವಶ್ಶಹ್' ಎಂಬ ಗೀತಪ್ರಕಾರ ಬೆಳೆದಿತ್ತು. ಅದನ್ನು ಅರಬಿಯಲ್ಲಿ ಬರೆಯುತ್ತಿದ್ದರು, ಯಹೂದಿ ಕವಿಗಳು ಹೀಬ್ರೂನಲ್ಲೂ ಬರೆದರು. ಅದರ ಕೊನೆಯ ಸಾಲುಗಳಿಗೆ 'ಖರ್ಜಾ' ಎಂದು ಹೆಸರು. ಹೀಬ್ರೂ ಗೀತೆಗಳ ಕೆಲವು ಖರ್ಜಾಗಳು ವಾಸ್ತವದಲ್ಲಿ ಹಳೆಯ ಸ್ಪ್ಯಾನಿಷ್ ಮಾತಿನಲ್ಲಿವೆ ಎಂದು ಸ್ಯಾಮ್ಯುಯೆಲ್ ಸ್ಟರ್ನ್ ಎಂಬ ತರುಣ ವಿದ್ವಾಂಸ ತೋರಿಸಿದ. ಹೆಚ್ಚಿನವು ಪ್ರಿಯನಿಗಾಗಿ ಹಂಬಲಿಸುವ ಹುಡುಗಿಯರ ಪುಟ್ಟ ಹಾಡುಗಳು. ಅರಬಿಕ್ ತರಗತಿಯವರಿಗೆ ಗೊತ್ತಿರುವ 'ಹಬೀಬ್' ಎಂಬ ಪದ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇವುಗಳ ಮಹತ್ವವನ್ನು ಅಲೊನ್ಸೊ ಕೂಡಲೇ ಹಿಡಿದರು. 1949ರ ಲೇಖನದಲ್ಲಿ, ಸ್ಪೇನಿನ ಭಾವಗೀತೆಯ ಆರಂಭವನ್ನು ಹನ್ನೊಂದನೇ ಶತಮಾನದ ಈ ಹಾಡುಗಳಲ್ಲೇ ಹುಡುಕಬೇಕೆಂದು ವಾದಿಸಿದರು. ತಮ್ಮ ಭಾಷೆಯ ಅತಿ ಹಳೆಯ ಹಾಡುಗಳು ಬೇರೆ ಲಿಪಿಯಲ್ಲಿ, ಬೇರೆ ಧರ್ಮದವರ ಕೃತಿಗಳ ತುದಿಯಲ್ಲಿ ಉಳಿದಿದ್ದವು ಎಂಬುದು ಅವರಿಗೆ ಮುಜುಗರ ತರಲಿಲ್ಲ, ಸಂತೋಷ ತಂದಿತು.

1968ರಿಂದ 1982ರವರೆಗೆ ಅವರು ಸ್ಪ್ಯಾನಿಷ್ ರಾಯಲ್ ಅಕಾಡೆಮಿಯ ನಿರ್ದೇಶಕರಾಗಿದ್ದರು. 1978ರಲ್ಲಿ ಸರ್ವಾಂಟೆಸ್ ಪ್ರಶಸ್ತಿ ಬಂತು. 1990ರ ಜನವರಿಯಲ್ಲಿ ತೀರಿಕೊಂಡರು. ಅವರ ಮನೆಯ ಗ್ರಂಥಾಲಯ ಈಗ ಅದೇ ಅಕಾಡೆಮಿಯಲ್ಲಿದೆ.