ವೀರಬುಕ್ಕರಾಯನೂ ಜೈನದರ್ಶನವೂ

ಕನ್ನಡ ನಾಡಿನಲ್ಲಿ ಜಿನಧರ್ಮಕ್ಕೆ ಆಶ್ರಯವಿತ್ತ ಅರಸರನ್ನು ನೆನೆಯುವಾಗ ಗಂಗರು, ರಾಷ್ಟ್ರಕೂಟರು, ಹೊಯ್ಸಳರು ಮೊದಲು ನೆನಪಿಗೆ ಬರುತ್ತಾರೆ. ಅವರಲ್ಲಿ ಅನೇಕರು ಸ್ವತಃ ಜಿನಭಕ್ತರು; ಉಳಿದವರ ಆಸ್ಥಾನಗಳಲ್ಲಿ ಜೈನ ಮಂತ್ರಿಗಳೂ ದಂಡನಾಯಕರೂ ಕವಿಗಳೂ ತುಂಬಿದ್ದರು. ವಿಜಯನಗರದ ಒಂದನೆಯ ಬುಕ್ಕರಾಯನು ಆ ಸಾಲಿನವನಲ್ಲ. ಅವನ ಮನೆತನದ ಆರಾಧ್ಯದೈವ ಪಂಪಾಕ್ಷೇತ್ರದ ವಿರೂಪಾಕ್ಷ. ವೇದಮಾರ್ಗವನ್ನು ಪ್ರತಿಷ್ಠಾಪಿಸಿದವನೆಂಬ ಬಿರುದು ಅವನಿಗಿತ್ತು. ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆಯುವ ಕಾರ್ಯಕ್ಕೆ ಅವನ ಪ್ರೋತ್ಸಾಹವಿತ್ತು. ವೇದವನ್ನು ಪ್ರಮಾಣವೆಂದು ಒಪ್ಪದ ದರ್ಶನವೊಂದರ ಅನುಯಾಯಿಗಳು ಇಂಥ ಅರಸನ ಮುಂದೆ ದೂರು ಹೊತ್ತು ನಿಂತರು. ಅವನು ಕೊಟ್ಟ ತೀರ್ಪು ಶ್ರವಣಬೆಳಗೊಳದ ಕಲ್ಲಿನ ಮೇಲೆ ಇಂದಿಗೂ ಉಳಿದಿದೆ.

ಬುಕ್ಕನು ಸಂಗಮನ ಐವರು ಮಕ್ಕಳಲ್ಲಿ ಒಬ್ಬನು. ಹರಿಹರ, ಕಂಪಣ, ಮಾರಪ್ಪ, ಮುದ್ದಪ್ಪ ಎಂಬವರು ಉಳಿದ ನಾಲ್ವರು. ಈ ಮನೆತನದ ಮೂಲದ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಅದನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. 1311ರಲ್ಲಿ ದ್ವಾರಸಮುದ್ರದವರೆಗೆ ನುಗ್ಗಿದ ದೆಹಲಿಯ ಸೈನ್ಯದಿಂದ ಆರಂಭವಾದ ಅಲ್ಲೋಲಕಲ್ಲೋಲವು ಮೂವತ್ತು ವರ್ಷಗಳಲ್ಲಿ ಹೊಯ್ಸಳ ರಾಜ್ಯವನ್ನೇ ಅಳಿಸಿತು. ಆ ಅವಶೇಷಗಳ ಮೇಲೆ, ಪರಂಪರೆಯಂತೆ 1336ರಲ್ಲಿ, ತುಂಗಭದ್ರೆಯ ದಡದಲ್ಲಿ ಹೊಸ ರಾಜ್ಯವು ತಲೆಯೆತ್ತಿತು. 1346ರಲ್ಲಿ ಸಹೋದರರೆಲ್ಲರೂ ಶೃಂಗೇರಿಯಲ್ಲಿ ಕೂಡಿ ವಿಜಯೋತ್ಸವವನ್ನು ಆಚರಿಸಿ ಅಲ್ಲಿಯ ಗುರುಗಳಿಗೆ ಭೂಮಿಯನ್ನು ದಾನವಿತ್ತರು. ಅಣ್ಣನಾದ ಹರಿಹರನ ಬಳಿಕ 1356ರಲ್ಲಿ ಆಡಳಿತದ ಭಾರವೆಲ್ಲವೂ ಬುಕ್ಕನ ಹೆಗಲಿಗೆ ಬಂದಿತು. ಭಾಷೆಗೆ ತಪ್ಪುವ ರಾಯರ ಗಂಡನೆಂಬುದು ಅವನ ಬಿರುದುಗಳಲ್ಲಿ ಒಂದು. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ದಂಡಿಸುವವನೆಂದು ಅದರ ಅರ್ಥ.

ಹೊಯ್ಸಳರ ಪತನದಿಂದ ಜೈನ ಸಮಾಜಕ್ಕೆ ಆದ ನಷ್ಟವು ಸಾಮಾನ್ಯವಾದುದಲ್ಲ. ವಿಷ್ಣುವರ್ಧನನ ಮಡದಿ ಶಾಂತಲೆ, ದಂಡನಾಯಕ ಗಂಗರಾಜ, ಭಂಡಾರಿ ಹುಳ್ಳ ಇಂಥವರ ಕಾಲವು ಮುಗಿದುಹೋಗಿತ್ತು. ಅದಕ್ಕೂ ಮೊದಲೇ ಶೈವ ವೈಷ್ಣವ ಭಕ್ತಿಪಂಥಗಳ ಪ್ರಾಬಲ್ಯವು ಏರುತ್ತ ಬಂದಿತ್ತು. ಏಕಾಂತದ ರಾಮಯ್ಯನು ಜೈನರೊಡನೆ ಪಂತ ಹೂಡಿ ಗೆದ್ದನೆಂದು ಸಾರುವ ಅಬ್ಬಲೂರಿನ ಶಾಸನವೂ ಶಿಲ್ಪವೂ ಸುಮಾರು 1200ರ ವೇಳೆಗೆ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದನ್ನು ತೋರಿಸುತ್ತವೆ. ಹದಿನಾಲ್ಕನೆಯ ಶತಮಾನದ ಶ್ರಾವಕನಿಗೆ ಎದುರಾದ ಕಷ್ಟವು ಪಂಡಿತರ ವಾದಸಭೆಯದಾಗಿರಲಿಲ್ಲ. ಬಸದಿಯ ಹೊಲದ ಗಡಿಕಲ್ಲು ಎಲ್ಲಿ ನಿಲ್ಲಬೇಕು, ಉತ್ಸವದ ದಿನ ಬೀದಿಯಲ್ಲಿ ಭೇರಿ ಬಾರಿಸಬಹುದೇ ಬಾರದೇ ಎಂಬಂಥ ದಿನನಿತ್ಯದ ಕಷ್ಟ ಅದು.

ಗಡಿಕಲ್ಲಿನ ಸಂಗತಿ ಮೊದಲು ಬಂದಿತು. ಈಗಿನ ತೀರ್ಥಹಳ್ಳಿ ಸೀಮೆಯ ತಡತಾಳದಲ್ಲಿ ಪಾರ್ಶ್ವನಾಥ ಸ್ವಾಮಿಯ ಬಸದಿಯೊಂದಿತ್ತು. 1363ರಲ್ಲಿ ಅದರ ಭೂಮಿಯ ಎಲ್ಲೆಯ ವಿಷಯವಾಗಿ ಹೆದ್ದೂರುನಾಡಿನ ಜನರಿಗೂ ಬಸದಿಯ ಆಚಾರ್ಯರಿಗೂ ವಿವಾದವೆದ್ದಿತು. ಆಗ ಆರಗವನ್ನು ಆಳುತ್ತಿದ್ದವನು ಬುಕ್ಕರಾಯನ ಮಗ ವಿರೂಪಣ್ಣ. ಅಲ್ಲಿಯ ಚಾವಡಿಯಲ್ಲಿ ಮಂತ್ರಿ ನಾಗಣ್ಣನೂ ನಾಡಿನ ಪ್ರಮುಖರೂ ಜೈನ ಹಿರಿಯರೂ ಸೇರಿ ವಿಚಾರಣೆ ನಡೆಸಿದರು. ಹಿಂದಿನಿಂದ ನಡೆದುಬಂದ ಎಲ್ಲೆಯೇ ಬಸದಿಗೆ ಸಲ್ಲತಕ್ಕದ್ದೆಂದು ನಾಡಿನವರಿಂದಲೇ ಒಪ್ಪಿಸಿ ಅದನ್ನು ಶಾಸನವಾಗಿ ಬರೆಸಲಾಯಿತು. ಬಲವುಳ್ಳವರು ಒತ್ತುವರಿ ಮಾಡಿ ದಕ್ಕಿಸಿಕೊಳ್ಳುವುದು ಎಲ್ಲ ಕಾಲದಲ್ಲಿಯೂ ಸುಲಭ. ಇಲ್ಲಿ ಹಾಗಾಗಲಿಲ್ಲ.

ಐದು ವರ್ಷಗಳ ಬಳಿಕ ಎದ್ದ ವಿವಾದವು ಇದಕ್ಕಿಂತ ದೊಡ್ಡದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ಸಮಸ್ತ ನಾಡುಗಳ ಭವ್ಯಜನರು ಒಂದಾಗಿ, ಭಕ್ತರು, ಎಂದರೆ ಶ್ರೀವೈಷ್ಣವರು, ತಮಗೆ ಮಾಡುತ್ತಿದ್ದ ಅನ್ಯಾಯಗಳನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಕಲ್ಲೆಹವೆಂದರೆ ಮಾಗಡಿ ತಾಲ್ಲೂಕಿನ ಕಲ್ಯ. ಈ ತೀರ್ಪಿನ ಇನ್ನೊಂದು ಪ್ರತಿ ಅಲ್ಲಿ ದೊರೆತಿದೆ. ಅನ್ಯಾಯಗಳು ಯಾವುವೆಂದು ಶಾಸನವು ಬಿಡಿಸಿ ಹೇಳುವುದಿಲ್ಲ. ಆದರೆ ಪಂಚಮಹಾವಾದ್ಯಗಳೂ ಕಳಶವೂ ಜೈನದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಸಲ್ಲುವುವೆಂದು ತೀರ್ಪು ಹೇಳಿರುವುದರಿಂದ, ತಡೆಯಲ್ಪಟ್ಟದ್ದು ಇವೇ ಎಂಬುದು ಸ್ಪಷ್ಟ. ಶೃಂಗ, ತಮ್ಮಟೆ, ಶಂಖ, ಭೇರಿ, ಜಯಘಂಟೆ ಇವನ್ನು ಪಂಚಮಹಾವಾದ್ಯಗಳೆಂದು ಹೇಳುವುದುಂಟು.

ವಾದ್ಯ ಮತ್ತು ಕಳಶಗಳಿಗಾಗಿ ಇಷ್ಟು ನಾಡುಗಳ ಜನ ರಾಜಧಾನಿಯವರೆಗೆ ಹೋಗಬೇಕಿತ್ತೇ ಎಂದು ಕೇಳುವವರು ಇರಬಹುದು. ಜಿನಬಿಂಬವು ಬೀದಿಗೆ ಬಿಜಯಂಗೈಯುವಾಗ ಮೊಳಗುವ ವಾದ್ಯವೂ ಮಾಂಗಲ್ಯದ ಕಳಶವೂ ಈ ಊರಿನಲ್ಲಿ ತಾವೂ ಒಕ್ಕಲು ಎಂದು ಒಂದು ಸಮುದಾಯವು ತಲೆಯೆತ್ತಿ ಹೇಳುವ ಬಗೆ. ಅವನ್ನು ಕಿತ್ತುಕೊಂಡರೆ ಪೂಜೆಯೇನೋ ನಡೆಯುತ್ತದೆ, ಆದರೆ ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ. ಪಕ್ಕದ ಮನೆಯವರ ದೇವರನ್ನು ಅರಿಯದವನು ಅವರ ಮೇಲೆ ಕೈಮಾಡುವ ಮೊದಲು ಅವರ ದನಿಯನ್ನು ಅಡಗಿಸಲು ನೋಡುತ್ತಾನೆ. ಭವ್ಯಜನರು ಸಕಾಲದಲ್ಲಿಯೇ ಎಚ್ಚೆತ್ತರೆಂದು ಹೇಳಬೇಕು.

ಶಕವರ್ಷ 1290ನೆಯ ಕೀಲಕ ಸಂವತ್ಸರದ ಭಾದ್ರಪದ ಶುದ್ಧ ದಶಮಿ, ಗುರುವಾರ. ಎಂದರೆ 1368ನೆಯ ಇಸವಿ. ತೀರ್ಪಿಗೆ ಬದ್ಧರಾದವರ ಪಟ್ಟಿಯನ್ನು ನೋಡಿದರೆ ಬುಕ್ಕರಾಯನ ವ್ಯವಹಾರಜ್ಞಾನವು ತಿಳಿಯುತ್ತದೆ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಅದರಲ್ಲಿ ಇದ್ದಾರೆ, ಇರುವುದು ಸಹಜ. ಅವರೊಡನೆ ದೇವಾಲಯದ ಪರಿಚಾರಕರು, ನೀರು ಹೊರುವವರು, ಸಾವಂತರು, ಬೋವರು, ತಿರುಕುಲದವರು, ಜಾಂಬವಕುಲದವರು ಹೀಗೆ ಹದಿನೆಂಟು ನಾಡಿನ ಶ್ರೀವೈಷ್ಣವರೆಲ್ಲರೂ ಹೆಸರಿಸಲ್ಪಟ್ಟಿದ್ದಾರೆ. ಆಚಾರ್ಯರ ಒಪ್ಪಿಗೆಯಿಂದ ಮಾತ್ರ ಬೀದಿಯ ಜಗಳ ನಿಲ್ಲುವುದಿಲ್ಲ, ಜಗಳವಾಡುವವರು ಬೇರೆಯವರು. ಅವರೂ ಮಾತಿಗೆ ಒಳಗಾಗಬೇಕಾಗಿತ್ತು.

ಅರಸನು ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ನುಡಿದು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಜೈನದರ್ಶನಕ್ಕೆ ಭಕ್ತರಿಂದ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಭಾವಿಸಿ ಪಾಲಿಸಬೇಕೆಂದು ವಿಧಿಸಿದನು. ರಾಜ್ಯದ ಎಲ್ಲ ಬಸದಿಗಳಲ್ಲಿಯೂ ಈ ಶಾಸನವನ್ನು ನೆಡುವ ಹೊಣೆಯನ್ನು ಶ್ರೀವೈಷ್ಣವರಿಗೇ ವಹಿಸಲಾಯಿತು. ಸೂರ್ಯಚಂದ್ರರಿರುವವರೆಗೆ ಜೈನದರ್ಶನವನ್ನು ರಕ್ಷಿಸಿಕೊಂಡು ಬರುವೆವೆಂದು ಅವರು ಮಾತು ಕೊಟ್ಟರು.

ಭೇದವಿಲ್ಲವೆಂಬ ಮಾತನ್ನು ತತ್ತ್ವದ ಮಾತೆಂದು ತಿಳಿಯುವುದು ಸರಿಯಲ್ಲ. ಸ್ಯಾದ್ವಾದಕ್ಕೂ ವಿಶಿಷ್ಟಾದ್ವೈತಕ್ಕೂ ಭೇದವುಂಟೆಂಬುದನ್ನು ಅರಿಯದಷ್ಟು ಮುಗ್ಧನಲ್ಲ ಬುಕ್ಕರಾಯ. ಅರಸನ ನ್ಯಾಯದ ಮುಂದೆ ಭೇದವಿಲ್ಲವೆಂದಷ್ಟೇ ಅದರ ತಾತ್ಪರ್ಯ. ಶಾಸನದ ಮೊದಲ ಶ್ಲೋಕವೇ ಇದಕ್ಕೆ ಸಾಕ್ಷಿ. ಅದು ರಾಮಾನುಜಾಚಾರ್ಯರ ಸ್ತುತಿ. ಪಾಷಂಡಿಗಳೆಂಬ ಕಡಲನ್ನು ಸುಡುವ ಬಡಬಾಗ್ನಿಯೆಂದು ಅವರನ್ನು ಕೊಂಡಾಡುತ್ತದೆ. ಆ ಕಾಲದ ಶ್ರೀವೈಷ್ಣವರ ಎಣಿಕೆಯಲ್ಲಿ ಜೈನರೂ ಪಾಷಂಡಿಗಳೇ. ಜೈನರ ಹಕ್ಕನ್ನು ಕಾಯುವ ಕಲ್ಲಿನ ನೆತ್ತಿಯ ಮೇಲೆ ಇಂಥ ಶ್ಲೋಕವಿರುವುದನ್ನು ಕಂಡು ಕೆಲವರು ಖಿನ್ನರಾಗುವುದುಂಟು. ಖಿನ್ನರಾಗಬೇಕಾದ ಕಾರಣವಿಲ್ಲ. ಒಬ್ಬರನ್ನೊಬ್ಬರು ಮೆಚ್ಚದ ಎರಡು ಸಮುದಾಯಗಳು ಮೆಚ್ಚದೆಯೇ ಒಂದು ಮಾತಿಗೆ ಕಟ್ಟುಬಿದ್ದವು. ಮನಸ್ಸು ಬದಲಾಗುವವರೆಗೆ ಕಾದಿದ್ದರೆ ಬಸದಿಗಳು ಉಳಿಯುತ್ತಿರಲಿಲ್ಲ.

ತೀರ್ಪಿನ ಇನ್ನೊಂದು ಭಾಗವು ಹಣದ ವ್ಯವಸ್ಥೆಗೆ ಸಂಬಂಧಿಸಿದ್ದು. ರಾಜ್ಯದೊಳಗಿನ ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನವರು ಅದನ್ನು ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಜನ ಆಳುಗಳನ್ನು ನೇಮಿಸಿ, ಉಳಿದ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಇದು ಭವ್ಯಜನರ ಒಪ್ಪಿಗೆಯಿಂದಲೇ ಆಯಿತೆಂದು ಶಾಸನವು ಹೇಳುತ್ತದೆ. ತಮ್ಮ ರಕ್ಷಣೆಯ ವೆಚ್ಚವನ್ನು ನೊಂದವರೇ ತೆರಬೇಕಾಯಿತಲ್ಲ ಎಂಬ ಆಕ್ಷೇಪಕ್ಕೆ ಎಡೆಯುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಈ ಏರ್ಪಾಡಿನ ಜಾಣ್ಮೆಯನ್ನೂ ಕಾಣಬೇಕು. ಜೈನರ ಮನೆಮನೆಯ ಹಣವು ಒಬ್ಬ ವೈಷ್ಣವ ಆಚಾರ್ಯರ ಕೈಗೆ ಹೋಗುತ್ತದೆ. ಅವರು ಬಸದಿಯ ಗೋಡೆಗೆ ಸುಣ್ಣ ಹಚ್ಚಿಸುತ್ತಾರೆ. ಗೊಮ್ಮಟಸ್ವಾಮಿಯ ಕ್ಷೇತ್ರಕ್ಕೆ ಅವರು ನೇಮಿಸಿದವರೇ ಕಾವಲು. ಜಗಳವಾಡಿದವರು ವರ್ಷಕ್ಕೊಮ್ಮೆಯಾದರೂ ಲೆಕ್ಕದ ಕಡತದ ಮುಂದೆ ಜೊತೆಯಾಗಿ ಕುಳಿತುಕೊಳ್ಳಲೇಬೇಕು. ಹೀಗೆ ಕೂಡಿ ಕುಳಿತವರಿಗೆ ಒಬ್ಬರ ಆಚಾರ ಮತ್ತೊಬ್ಬರಿಗೆ ಅಪರಿಚಿತವಾಗಿ ಬಹುಕಾಲ ಉಳಿಯಲಾರದು.

ಈ ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ತಪಸ್ವಿಯಾಗಲಿ ಗ್ರಾಮದ ಮುಖ್ಯಸ್ಥನಾಗಲಿ ಯಾರಿಗೂ ವಿನಾಯಿತಿಯಿಲ್ಲ. ಕಲ್ಲೆಹದ ಬುಸುವಿಸೆಟ್ಟಿ ಎಂಬ ಶ್ರಾವಕನು ಅರಸನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಶಾಸನದ ಕೊನೆಯಲ್ಲಿದೆ. ಅರಸನ ಹೆಸರಿನ ಮರೆಯಲ್ಲಿ ಈ ವರ್ತಕನ ಹೆಸರು ಮಸುಳಿಹೋಗಬಾರದು.

ಬುಕ್ಕರಾಯನು ಸೌಮ್ಯ ಸ್ವಭಾವದ ಸಾಧುವಾಗಿದ್ದನೆಂದು ಯಾರೂ ಹೇಳಲಾರರು. ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಷಹನೊಡನೆ ಅವನು ನಡೆಸಿದ ಯುದ್ಧವು ಅತ್ಯಂತ ಕ್ರೂರವಾದುದು. ಮುದಗಲ್ಲಿನ ಕೋಟೆಯನ್ನು ಹಿಡಿದಾಗ ಅವನ ಸೈನ್ಯವು ಕಾವಲಿನವರನ್ನೆಲ್ಲ ಕೊಂದಿತೆಂದೂ, ಪ್ರತೀಕಾರವಾಗಿ ಸುಲ್ತಾನನು ಅಪಾರ ಜನರನ್ನು ಕೊಲ್ಲಿಸಿದನೆಂದೂ, ಕಡೆಗೆ ನಿರಾಯುಧರನ್ನು ಕೊಲ್ಲಬಾರದೆಂಬ ಒಪ್ಪಂದವಾಯಿತೆಂದೂ ಬಹುಕಾಲದ ಬಳಿಕ ಫೆರಿಷ್ತಾ ಬರೆದಿದ್ದಾನೆ. ಉತ್ತರದಲ್ಲಿ ಇಂಥ ವೈರಿಯನ್ನು ಇಟ್ಟುಕೊಂಡ ಅರಸನಿಗೆ ಮನೆಯೊಳಗಿನ ಶಾಂತಿ ಅನಿವಾರ್ಯವಾಗಿತ್ತು. 1368ರ ತೀರ್ಪಿನಲ್ಲಿ ರಾಜಕಾರಣದ ಪಾಲೂ ಇದೆ. ಅದರಿಂದ ನ್ಯಾಯದ ಬೆಲೆ ಕುಗ್ಗುವುದಿಲ್ಲ. ಬಹುಸಂಖ್ಯಾತರ ಪಕ್ಷವನ್ನು ಹಿಡಿದು ಶಾಂತಿ ಸಾಧಿಸುವ ಸುಲಭದ ದಾರಿಯೂ ಅವನ ಮುಂದಿತ್ತು.

ಆಳ್ವಿಕೆಯ ಉಳಿದ ಸಂಗತಿಗಳು ಪ್ರಸಿದ್ಧವೇ. ಮಗ ಕುಮಾರ ಕಂಪಣನು ಮಧುರೆಯ ಸುಲ್ತಾನರನ್ನು ಸೋಲಿಸಿದನು; ಆ ವಿಜಯವನ್ನು ಅವನ ಮಡದಿ ಗಂಗಾದೇವಿ ಸಂಸ್ಕೃತ ಕಾವ್ಯವಾಗಿ ರಚಿಸಿದಳು. 1371ರಲ್ಲಿ ರಂಗನಾಥನ ಮೂರ್ತಿಯು ಶ್ರೀರಂಗಕ್ಕೆ ಮರಳಿತು. 1374ರಲ್ಲಿ ಚೀನಾದ ಮಿಂಗ್ ಚಕ್ರವರ್ತಿಯ ಆಸ್ಥಾನಕ್ಕೆ ಬುಕ್ಕರಾಯನ ರಾಯಭಾರವು ಹೋಯಿತು. 1377ರಲ್ಲಿ ಅವನ ಕಾಲವು ಮುಗಿಯಿತು.

ಬುಕ್ಕರಾಯನ ಮಂತ್ರಿಗಳಲ್ಲಿ ಜೈನನಾದ ಬೈಚಪ್ಪನೂ ಒಬ್ಬನು. ಬೈಚಪ್ಪನ ಮಗ ಇರುಗಪ್ಪ ದಂಡನಾಯಕನು ಎರಡನೆಯ ಹರಿಹರನ ಆಳ್ವಿಕೆಯಲ್ಲಿ, ಶಕವರ್ಷ 1307ರಲ್ಲಿ, ರಾಜಧಾನಿಯಲ್ಲಿಯೇ ಕುಂಥುಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದನು. ಹಂಪೆಗೆ ಹೋದವರು ಗಾಣಗಿತ್ತಿ ದೇವಾಲಯವೆಂದು ನೋಡಿ ಬರುವುದು ಇದನ್ನೇ. ಎದುರಿನ ದೀಪಸ್ತಂಭದ ಮೇಲೆ ಶಾಸನವಿದೆ. ಬೈಚಪ್ಪನ ಮೊಮ್ಮಗನಾದ ಇನ್ನೊಬ್ಬ ಇರುಗಪ್ಪನು 1422ರಲ್ಲಿ ಬೆಳಗೊಳ ಗ್ರಾಮವನ್ನು ಗೊಮ್ಮಟೇಶ್ವರನಿಗೆ ದಾನವಿತ್ತನು.

ಇಷ್ಟರಿಂದ ಅಸಹನೆಯು ನಾಡಿನಿಂದ ತೊಲಗಿತೆಂದು ಹೇಳಲಾಗದು. 1638ರಲ್ಲಿ ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಒಬ್ಬನು ಲಿಂಗಮುದ್ರೆಯನ್ನು ಒತ್ತಿದನು, ಜೈನನೊಬ್ಬನು ಅದನ್ನು ಅಳಿಸಿದನು, ಊರು ಎರಡಾಯಿತು. ಆಗ ಬೇಲೂರಿನ ಪ್ರಭುತ್ವದ ಪ್ರಮುಖರ ಮುಂದೆ ವೀರಶೈವ ಮತ್ತು ಜೈನ ಹಿರಿಯರು ಕೂಡಿ ಕುಳಿತರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಕೊಡಿಸಿ, ಬಳಿಕ ತಮ್ಮ ಪೂಜೆ ಉತ್ಸವಗಳನ್ನು ಪೂರ್ವದ ಮರ್ಯಾದೆಯಂತೆ ನಡೆಸಿಕೊಳ್ಳಬೇಕೆಂದು ನಿರ್ಣಯವಾಯಿತು. ಬುಕ್ಕರಾಯನು ಇಂಥ ಷರತ್ತನ್ನು ಹಾಕಿರಲಿಲ್ಲ. ಆದರೂ ಹಳೇಬೀಡಿನ ಶಾಸನದಲ್ಲಿ ಜಿನಧರ್ಮಕ್ಕೆ ಅಡ್ಡಿಪಡಿಸುವವನು ಶಿವದ್ರೋಹಿಯೆಂದು ಶಪಿಸಿದವರು ವೀರಶೈವ ಹಿರಿಯರೇ.